ಮಡಿಚಿದ ಎಸಳು

ಊರಿಗೆಲ್ಲ ಡಂಗುರ ಸಾರದಿದ್ದರೆ ಬೇಕರಿಯ ಯಜಮಾನಿಗೆ ತಿಂದ ಅನ್ನ ಅರಗುತ್ತಿರಲಿಲ್ಲ. ಕೇಕಿನ ಕ್ರೀಮ್ ಗಟ್ಟಿಯಾಗುವ ಮೊದಲೇ ಅದರ ಫೋಟೋ ಅಂಗಡಿಯ ಪೇಜಿಗೆ ಏರುತ್ತಿತ್ತು. ಆದರೆ ಕ್ರೀಮಿನ ಹೂ ಮಾಡುವ ಹುಡುಗಿ ಕೆಲಸಕ್ಕೆ ಸೇರುವಾಗಲೇ ಒಂದು ಮಾತು ಕೇಳಿದ್ದಳು.

"ಅಕ್ಕಾ, ಸಂಬಳ ನೀವು ಹೇಳಿದಷ್ಟೇ ಇರ್ಲಿ. ನನ್ನ ಮುಖ ಮಾತ್ರ ಎಲ್ಲೂ ಹಾಕ್ಬೇಡಿ. ಹೊಡೆಯೋ ಗಂಡನ್ನ ಬಿಟ್ಟು ಬಂದಿದೀನಿ. ಹುಡುಕ್ತಾ ಇದಾನೆ."

ಯಜಮಾನಿ ಮಾತು ಉಳಿಸಿಕೊಂಡಳು. ಸ್ಟೀಲ್ ತಟ್ಟೆಯಲ್ಲಿ ಹುಡುಗಿಯ ಮೂಗು ಕಂಡಿತೆಂದು ಒಮ್ಮೆ ಒಳ್ಳೆಯ ಫೋಟೋವನ್ನೇ ಅಳಿಸಿದ್ದಳು. ಆ ಬಗ್ಗೆ ಅವಳಿಗೆ ಒಂದಿಷ್ಟು ಜಂಬವೂ ಇತ್ತು.

ಒಂದು ದಿನ ಮದುವೆ ಕೇಕಿನ ಫೋಟೋದ ಕೆಳಗೆ ಯಾರೋ ಬರೆದರು: "ಗುಲಾಬಿ ಬಹಳ ಚೆನ್ನಾಗಿದೆ. ಅಂಗಡಿ ಎಲ್ಲಿ?" ಪೇಜಿನಲ್ಲಿ ಇದ್ದದ್ದು ಬರೀ ಫೋನ್ ನಂಬರು. ಹೊಗಳಿದರೆ ಉಬ್ಬಿಹೋಗುವ ಜೀವ, ಬೀದಿ, ತಿರುವು, ಬಾಗಿಲು ತೆರೆಯುವ ಹೊತ್ತು ಎಲ್ಲವನ್ನೂ ಬರೆದುಬಿಟ್ಟಿತು.

"ನೋಡೇ, ನಿನ್ನ ಗುಲಾಬಿಗೊಬ್ಬ ಅಭಿಮಾನಿ!"

ಹುಡುಗಿ ಫೋನ್ ನೋಡಿದಳು. ಮುಖ ಬಿಳಿಚಿಕೊಂಡಿತು. "ಇದನ್ನ ಬರೆದೋನ ಪ್ರೊಫೈಲ್ ಫೋಟೋದಲ್ಲಿರೋ ಸ್ಕೂಟರ್ ನನ್ನ ಗಂಡಂದೇ ಅಕ್ಕಾ. ಕಡೇ ಎಸಳನ್ನ ಹೀಗೆ ಹೊರಗೆ ಮಡಿಚೋದು ನಾನೊಬ್ಬಳೇ. ಅವನ ಬೇಕರೀಲಿ ದಿನಾ ಇದನ್ನೇ ಮಾಡ್ತಿದ್ದೆ."

ಉತ್ತರವನ್ನು ಅಳಿಸಿದ್ದಾಯಿತು. ಆದರೇನು, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಜಮಾನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬಂತು.

"ಆ ಹೂವನ್ನ ನಂಗೆ ಕಲಿಸೇ," ಎಂದಳು.

ಸಂಜೆಯಿಡೀ ಕೂತು ಕಲಿತಳು. ಮೊದಮೊದಲು ಬಂದದ್ದು ಗುಲಾಬಿಯಲ್ಲ, ಎಲೆಕೋಸು. ಆ ಭಯದಲ್ಲೂ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಮರುದಿನ ಅವನು ಬಂದೇಬಿಟ್ಟ. ಇಸ್ತ್ರಿ ಮಾಡಿದ ಅಂಗಿ, ಬೆಣ್ಣೆಯಂಥ ಮಾತು. ಹುಡುಗಿ ಹಿಂದಿನ ಕೋಣೆಯಲ್ಲಿ ಮೈದಾ ಚೀಲಗಳ ನಡುವೆ ಉಸಿರು ಬಿಗಿಹಿಡಿದು ಕೂತಿದ್ದಳು.

"ಈ ಗುಲಾಬಿ ಮಾಡೋದು ಯಾರು?"

"ನಾನೇ. ಇನ್ಯಾರು?"

"ಒಂದು ಮಾಡಿ ತೋರಿಸ್ತೀರಾ?"

ಯಜಮಾನಿ ಕ್ರೀಮ್ ಕೋನ್ ಹಿಡಿದಳು. ಒಂದೊಂದೇ ಎಸಳು ಎದ್ದಿತು. ಕೊನೆಯದನ್ನು ಹೊರಗೆ ಮಡಿಚಿ, "ನಮ್ಮಮ್ಮ ಕಲಿಸಿದ್ದು," ಎಂದು ಹಸಿ ಸುಳ್ಳು ಹೇಳಿದಳು. ಅವನು ಹೂವನ್ನೇ ದಿಟ್ಟಿಸಿದ. ಆಮೇಲೆ ಏನೂ ಕೊಳ್ಳದೆ ಹೊರಟ. ಸ್ಕೂಟರಿನ ಸದ್ದು ತಿರುವು ದಾಟಿದ ಮೇಲೆ ಅವಳು ಕೋನ್ ಕೆಳಗಿಟ್ಟು ಹಿಂದಿನ ಕೋಣೆಯ ಬಾಗಿಲು ತಟ್ಟಿದಳು.

ಹುಡುಗಿ ಹೊರಗೆ ಬಂದು, ಅರ್ಧಕ್ಕೆ ನಿಂತಿದ್ದ ಕೇಕಿನ ಮುಂದೆ ಕೂತಳು. ಗುಲಾಬಿ ಅರಳಿತು. ಕಡೆಯ ಎಸಳಿಗೆ ಕೈ ತಾನಾಗಿ ಹೊರಗೆ ತಿರುಗಿತು. ಅದನ್ನು ತಡೆದು, ಎಸಳನ್ನು ನೆಟ್ಟಗೆ ನಿಲ್ಲಿಸಿದಳು.

"ಇನ್ಮೇಲೆ ಫೋಟೋ ಹಾಕ್ಬಹುದು ಅಕ್ಕಾ. ಇದನ್ನ ಯಾರು ಬೇಕಾದ್ರೂ ಮಾಡಿರ್ಬಹುದು."

ಯಜಮಾನಿ ಮಡಿಚದ ಆ ಎಸಳನ್ನು ನೋಡಿ, ಕೈಗೆತ್ತಿಕೊಂಡಿದ್ದ ಫೋನನ್ನು ಕೆಳಗಿಟ್ಟಳು. ಆ ಕೇಕಿನ ಫೋಟೋವನ್ನು ಅವಳು ಕ್ಲಿಕ್ಕಿಸಲಿಲ್ಲ.