ಬದು ಕಿತ್ತ ಡಿಸ್ಕು

ಹತ್ತೊಂಬತ್ತು ಮನೆಯವರು ನಿವೇಶನಕ್ಕೆ ಅರ್ಜಿ ಕೊಟ್ಟಿದ್ದರು. ಅರ್ಜಿಗಳು ಬಂದೇ ಇಲ್ಲ ಎಂದು ಪಂಚಾಯ್ತಿ ಬರೆದುಕೊಟ್ಟಿತು. ಅವರು ಮೇಲಿನವರಿಗೆ ದೂರು ಕೊಟ್ಟರು, ವಿಚಾರಣೆ ಗೊತ್ತಾಯಿತು.

ಹಾಗೆ ಬರೆಸಿದ ಸದಸ್ಯ ಅಂದಪ್ಪ, ವಿಚಾರಣೆಯ ಹಿಂದಿನ ದಿನ, ಪಂಚಾಯ್ತಿಯ ಕಂಪ್ಯೂಟರನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಲಕ್ಷ್ಮೇಶ್ವರಕ್ಕೆ ಬಂದ. ಊರಿಗೆ ಹತ್ತಿರದ ಗದಗಿನಲ್ಲಿ ರಿಪೇರಿಯವರು ಇಲ್ಲವೆಂದಲ್ಲ. ಅಲ್ಲಿ ಎಲ್ಲರೂ ಗುರುತಿನವರು.

ಅಂಗಡಿಯಲ್ಲಿ ನೀಲಾ ಒಬ್ಬಳೇ ಇದ್ದಳು.

"ಗಂಡಸರು ಯಾರೂ ಇಲ್ಲೇನವಾ?"

"ಕಂಪ್ಯೂಟರಿಗೆ ಏನಾಗೇತ್ರಿ?"

"ಎಲ್ಲಾ ಅಳಿಸಿ ಹೊಸಾದು ಹಾಕಿಕೊಡು. ಫಾರ್ಮ್ಯಾಟ್. ಒಳಗ ಏನೂ ಇಲ್ಲ."

ಏನೂ ಇಲ್ಲ ಎಂದವರ ಡಿಸ್ಕನ್ನೇ ಮೊದಲು ತೆರೆದು ನೋಡುವುದು ನೀಲಾಳ ಪದ್ಧತಿ. ಮಗಳ ಮದುವೆಯ ಫೋಟೊ ಅದರಲ್ಲೇ ಇದ್ದವೆಂದು ಆಮೇಲೆ ಅಳುತ್ತ ಬಂದವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಡಿಸ್ಕ್ ಬಿಚ್ಚಿ ತನ್ನ ಕಂಪ್ಯೂಟರಿಗೆ ಜೋಡಿಸಿದಳು. ಸಿ ಡ್ರೈವ್ ಇತ್ತು. ಡಿಸ್ಕಿನ ಎರಡನೇ ಪಾಲು, ಡಿ, ಇರಬೇಕಾದ ಜಾಗ ಖಾಲಿ.

"ಈ ಡಿ ಪಾರ್ಟಿಶನ್ ಯಾರ ತಗದ್ರಿ?"

"ನಾನ. ಅದನ್ನ ತಗದ ಮ್ಯಾಲೆ ಮುಗೀತಲ್ಲ?"

ಹೊಲದ ಬದು ಕಿತ್ತು ಪಕ್ಕದವರ ಎರಡು ಎಕರೆ ನುಂಗಿದ ಮನುಷ್ಯ. ಗಡಿ ಅಳಿಸಿದರೆ ಒಳಗಿನದೂ ಅಳಿಯುತ್ತದೆಂದು ನಂಬಿದ್ದ. ಊರಲ್ಲಿ ಅದು ನಡೆದಿತ್ತು, ಕಚೇರಿಗಳಲ್ಲೂ ನಡೆದಿತ್ತು. ಯಂತ್ರಕ್ಕೆ ಅಂದಪ್ಪನ ಮನೆತನ ಗೊತ್ತಿರಲಿಲ್ಲ.

ಹುಡುಕುವ ಸಾಫ್ಟ್‌ವೇರ್ ಅರ್ಧ ಗಂಟೆ ಓಡಿತು. ಡಿ ಇದ್ದ ಹಾಗೆಯೇ ಎದ್ದು ಬಂತು. ಸ್ಕ್ಯಾನ್ ಮಾಡಿದ ಹತ್ತೊಂಬತ್ತು ಅರ್ಜಿಗಳು; ಒಂದೊಂದರ ಮೇಲೂ ಪಂಚಾಯ್ತಿಯ ದುಂಡು ಮೊಹರು. ಮೊದಲನೆಯದು ಮುತ್ತವ್ವ ಎಂಬುವಳದು. ಗೋಡೆ ಬಿದ್ದ ಮನೆಯಲ್ಲಿ ಆರು ಮಂದಿ ಇದ್ದೇವೆಂದು ಬರೆಸಿ ಹೆಬ್ಬೆಟ್ಟು ಒತ್ತಿದ್ದಳು.

"ಒಳಗ ಏನೂ ಇಲ್ಲ ಅಂದ್ರಿ. ಇವೇನ್ರಿ?"

"ಅವು ಬಂದಿಲ್ಲದ ಅರ್ಜಿ. ನಾಳೆ ವಿಚಾರಣಿಗೆ ಸಾಹೇಬ್ರು ಬರ್ತಾರ, ಒಂದೂ ಇರಬಾರ್ದು. ಆ ಓಣಿ ಮಂದಿಗೆ ಜಾಗಾ ಕೊಟ್ರ ನಮ್ಮ ಬಾಗಲ ಮುಂದ ಕಾಲ ಚಾಚಿ ಕುಂಡ್ರತಾರ."

"ಬಂದಿಲ್ಲದ ಅರ್ಜಿಗೆ ಮೊಹರು ಹೆಂಗ ಬಿತ್ರಿ? ಅದೂ ತಾನ ಬಂದು ಕುಂತಿತೇನು?"

ಅಂದಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದ. "ನೀ ಯಾರ ಪೈಕಿ?"

"ರಿಪೇರಿ ಮಾಡೋರ ಪೈಕಿರಿ."

"ಭಾಳ ಶಾಣ್ಯಾಕಿ ಅದಿ. ಪೂರ್ತಿ ಅಳಿಸು. ಒಂದ ಗುಂಡಿ ಒತ್ತೂದು, ಅಷ್ಟ."

ನೀಲಾ ವಯರು ಬಿಚ್ಚಿದಳು. ಡಿಸ್ಕನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದಳು.

"ಒತ್ತಂಗಿಲ್ರಿ. ಇದು ಪಂಚಾಯ್ತಿದು, ನಿಮ್ಮ ಹೊಲ ಅಲ್ಲ. ನಾಳೆ ಆ ಸಾಹೇಬ್ರ ಬಂದು ಸಹಿ ಮಾಡಿ ಒಯ್ಯಲಿ."

"ಏಯ್, ಕೀಲಿ ಕೊಡು."

"ಕೊಡಂಗಿಲ್ಲ."