ಮೇಲಿನ ಸೀಟು

ಕಾಯಿ ಮೂಟೆಗಳನ್ನೆಲ್ಲ ಮೆಟಡೋರಿನ ಸೀಟುಗಳ ಮೇಲೆ ಒಂದರ ಪಕ್ಕ ಒಂದು ಕೂರಿಸಿದ ಮೇಲೆ ಕರಿಬಸವಯ್ಯ ಕೊಡೆಯ ತುದಿಯನ್ನು ವ್ಯಾನಿನ ನೆತ್ತಿಯ ಕಡೆ ಎತ್ತಿದ.

"ತಮಟೆಯವ್ರು ಮ್ಯಾಕೆ ಹತ್ರಪ್ಪ, ಹೊತ್ತಾಯ್ತು."

ಸ್ಟೇರಿಂಗ್ ಮುಂದೆ ಕೂತಿದ್ದ ಸೂರ್ಯಪ್ರಕಾಶ ಇಳಿದು ಬಂದ. ಜನ ಒಳಗೆ, ಮೂಟೆ ಮೇಲೆ ಎಂದೇ ಮಾತಾಗಿತ್ತು. ಕರಿಬಸವಯ್ಯ ಮದುವೆ ಗಂಡಿನ ದೊಡ್ಡಪ್ಪ. ಶೆಟ್ಟಿಕೆರೆಯಿಂದ ತುರುವೇಕೆರೆಯ ಛತ್ರಕ್ಕೆ ಹೊರಟಿದ್ದ ದಿಬ್ಬಣದ ಯಜಮಾನಿಕೆ ಪೂರ್ತಿ ಅವನದೇ. ನೆಂಟರಿಷ್ಟರಿಗೆಲ್ಲ ಬಸ್ಸು ಮಾಡಿದ್ದರು. ಮೆಟಡೋರಿಗೆ ಬಂದದ್ದು ತಾಂಬೂಲದ ಕಾಯಿ, ಬಸ್ಸಿನ ಕುಲುಕಾಟ ಆಗದ ಗಂಡಿನ ಅಜ್ಜಿ ಹನುಮಕ್ಕ, ಮತ್ತೆ ಕಾಲೋನಿಯ ಹುಚ್ಚಣ್ಣ ಹಾಗೂ ಅವನ ತಮಟೆಯ ಜೊತೆಗಾರರು.

ಮೂಟೆಗಳನ್ನು ತಾನೇ ಮೇಲೆ ಎತ್ತಿ ಕಟ್ಟುತ್ತೇನೆ ಎಂದ ಸೂರ್ಯಪ್ರಕಾಶ. ಕರಿಬಸವಯ್ಯ ಅವನನ್ನು ತಿಳಿಯದ ಮಗುವನ್ನು ನೋಡುವಂತೆ ನೋಡಿದ.

"ತಾಂಬೂಲದ ಕಾಯಿ ಕಣ್ಲಾ ಅವು. ಅವನ್ನ ಮ್ಯಾಕೆ ಹಾಕಿ ಇವರನ್ನ ಒಳಗೆ ಕೂರ್ಸಕಾಯ್ತದಾ?"

ಸೂರ್ಯಪ್ರಕಾಶನಿಗೆ ಮೈಯೆಲ್ಲ ಉರಿದುಹೋಯಿತು. ವ್ಯಾನಿನ ನೆತ್ತಿಯ ಮೇಲಿನ ಆ ಕ್ಯಾರಿಯರ್ ಹೇಗೆ ಹುಟ್ಟಿತು ಎಂಬುದು ಕೊಡೆ ಹಿಡಿದ ಈ ಮನುಷ್ಯನಿಗೆ ಗೊತ್ತಿರಲಿಲ್ಲ. ಹಳೇ ಮೆಟಡೋರು ಕೊಂಡಾಗ ಅದರ ನೆತ್ತಿ ಬೋಳಾಗಿತ್ತು. ತುಮಕೂರಿನ ಅಂಗಡಿಯವನು ಹೊಸ ಕ್ಯಾರಿಯರಿಗೆ ಹೇಳಿದ ಬೆಲೆ ಕೇಳಿ ಅವನು ವ್ಯಾನು ತಿರುಗಿಸಿಕೊಂಡು ಬಂದಿದ್ದ. ಆಮೇಲೆ ಆಷಾಢ ಬಂತು. ಆಷಾಢದಲ್ಲಿ ಮದುವೆಯಿಲ್ಲ, ಮೆಟಡೋರಿಗೂ ಕೆಲಸವಿಲ್ಲ, ತಮಟೆಗೂ ಕೆಲಸವಿಲ್ಲ. ಹುಚ್ಚಣ್ಣ ದಿನಾ ಬಂದು ವ್ಯಾನಿನ ನೆರಳಲ್ಲಿ ಕೂರುತ್ತಿದ್ದ. ಇಬ್ಬರೂ ಸೇರಿ ಶುರುಮಾಡಿದರು. ಕೆಟ್ಟುಹೋದ ಕೈಪಂಪಿನ ಪೈಪು ತಂದು ಚೌಕಟ್ಟು ಮಾಡಿದರು. ಗುಜರಿಗೆ ಬಿದ್ದಿದ್ದ ಕಬ್ಬಿಣದ ಮಂಚದ ಪಟ್ಟಿಗಳನ್ನು ಬಿಚ್ಚಿ ಹಾಸಿದರು. ತಗಡಿಗೆ ಗೀರು ಬೀಳಬಾರದೆಂದು ಅಮ್ಮಸಂದ್ರದ ಗುಜರಿ ಅಂಗಡಿಯಿಂದ ದಪ್ಪ ರಬ್ಬರ್ ಬೆಲ್ಟಿನ ತುಂಡು ತಂದು ಕಾಲುಗಳಡಿ ಕೊಟ್ಟರು. ಉಳಿದದ್ದು ಕೊಕ್ಕೆ. ಮೆಟಡೋರಿನ ಅಂಚಿಗೆ ಕಚ್ಚಿ ಹಿಡಿಯುವ ಕೊಕ್ಕೆ ಎಲ್ಲೂ ಸಿಗಲಿಲ್ಲ. ಒಂದು ಬೆಳಿಗ್ಗೆ ಹುಚ್ಚಣ್ಣ ತನ್ನಪ್ಪನ ಕಾಲದ ಮುರುಕಲು ಗಾಡಿಯ ಚಕ್ರ ಉರುಳಿಸಿಕೊಂಡು ಬಂದ. ಅದರ ಕಬ್ಬಿಣದ ಪಟ್ಟಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ತುಂಡು ಮಾಡಿ, ಬಗ್ಗಿಸಿದರು. ಸುತ್ತಿಗೆ ಹಿಡಿದವನು ಹುಚ್ಚಣ್ಣನೇ. ಅದಕ್ಕೆ ಏನು ಕೊಡಲಿ ಎಂದು ಕೇಳಿದರೆ, "ನಾವೂ ಇದೇ ಗಾಡೀಲಿ ಮದ್ವೆಗೆ ಹೋಯ್ತೀವಲ್ಲ, ಬುಡಿ" ಎಂದಿದ್ದ.

ಈಗಲೂ ಅವನೇ ಮೊದಲು ವ್ಯಾನಿನ ಹಿಂದಿನ ಏಣಿಗೆ ಕೈ ಹಾಕಿದ. "ಬುಡಿ ಸೂರ್ಯಪ್ಪ, ಮ್ಯಾಲೆ ಗಾಳಿ ಬತ್ತದೆ" ಎಂದು ಮೆಲ್ಲಗೆ ಹೇಳಿ ಹತ್ತಿದ. ಉಳಿದವರು ತಮಟೆ ಎತ್ತಿಕೊಟ್ಟು ಹಿಂದೆಯೇ ಹತ್ತಿದರು. ಮುಹೂರ್ತದ ಮನೆ, ಹತ್ತಾರು ಜನ ನೋಡುತ್ತಿದ್ದರು. ಸೂರ್ಯಪ್ರಕಾಶ ವ್ಯಾನು ಹೊರಡಿಸಿದ. ಮುಂದಿನ ಸೀಟಿನಲ್ಲಿ ಕರಿಬಸವಯ್ಯ ಕೊಬ್ಬರಿ ಧಾರಣೆ ಮಾತಾಡುತ್ತಿದ್ದ. ಇವನ ಕಿವಿ ಮೇಲಕ್ಕೇ ಇತ್ತು. ಹಳ್ಳ ಬಂದಾಗಲೆಲ್ಲ ಮೇಲಿನವರ ಭಾರ ತಗಡಿನ ಮೇಲೆ ದಡ್ ಎಂದು ಬೀಳುವುದು ತನ್ನ ನೆತ್ತಿಯ ಮೇಲೇ ಬಿದ್ದಂತೆ ಕೇಳುತ್ತಿತ್ತು.

ತಿಪಟೂರು ದಾಟಿ ಒಂದಷ್ಟು ದೂರ ಹೋದ ಮೇಲೆ ರಸ್ತೆಗೆ ಅಡ್ಡವಾಗಿ ಟೆಲಿಫೋನ್ ತಂತಿಯೊಂದು ಜೋತುಬಿದ್ದಿತ್ತು. ಬಿಸಿಲಿಗೆ ಅದು ಕಾಣಲೇ ಇಲ್ಲ. ಮೇಲೆ ಯಾರೋ ಕೂಗಿದರು, ತಮಟೆಯೊಂದು ಗಾಜಿನ ಮುಂದೆಯೇ ಕೆಳಗೆ ಬಿತ್ತು. ವ್ಯಾನು ನಿಲ್ಲಿಸಿ ಓಡಿಹೋಗಿ ನೋಡಿದರೆ ಹುಚ್ಚಣ್ಣ ತಂತಿ ಸೀಳಿದ ಕಿವಿಯನ್ನು ಒತ್ತಿ ಹಿಡಿದು ಮೇಲೆ ಕೂತಿದ್ದ. ಬೆರಳ ಸಂದಿಯಿಂದ ರಕ್ತ ಇಳಿದು ಮದುವೆಗೆಂದು ಒಗೆದು ಹಾಕಿಕೊಂಡಿದ್ದ ಬಿಳಿ ಅಂಗಿ ನೆನೆಯುತ್ತಿತ್ತು. ಹನುಮಕ್ಕ ಕಿಟಕಿಯಿಂದ ತನ್ನ ಮಡಿ ಟವಲನ್ನು ಹೊರಗೆ ಹಾಕಿದಳು. ಕೈಗೆ ಕೊಡಲಿಲ್ಲ, ನೆಲಕ್ಕೆ ಹಾಕಿದಳು.

"ಕಟ್ಕಳ್ಳಲಾ ಬಿರ್ರನೆ" ಎಂದ ಕರಿಬಸವಯ್ಯ, ಸೀಟಿನಿಂದ ಇಳಿಯದೆ. "ಛತ್ರದ ಮುಂದೆ ಹೆಣ್ಣಿನ ಕಡೆಯವ್ರು ಕಾಯ್ತಾವ್ರೆ."

ಕಿವಿಗೆ ಟವಲು ಸುತ್ತಿಕೊಂಡೇ ಹುಚ್ಚಣ್ಣ ಆ ಸಂಜೆ ಬಾರಿಸಿದ. ಬಡಿತ ಏರಿದಂತೆಲ್ಲ ಟವಲು ಕೆಂಪಾಗುತ್ತ ಹೋಯಿತು. ಹೆಣ್ಣಿನ ಕಡೆಯವರು ಶೆಟ್ಟಿಕೆರೆಯ ತಮಟೆ ಅಂದ್ರೆ ತಮಟೆ ಎಂದು ಕರಿಬಸವಯ್ಯನ ಬೆನ್ನು ತಟ್ಟಿದರು. ಮೆರವಣಿಗೆ ಮುಗಿದ ಮೇಲೆ ಸೂರ್ಯಪ್ರಕಾಶನೇ ಅವನನ್ನು ಆಸ್ಪತ್ರೆಗೆ ಕರೆದೊಯ್ದು ಹೊಲಿಗೆ ಹಾಕಿಸಿದ. ಏನಾಯಿತೆಂದು ಡಾಕ್ಟರು ಕೇಳಿದರೆ ಹುಚ್ಚಣ್ಣ, ಬಿದ್ದೆ ಎಂದ. ನಿಜ ಹೇಳಲು ಬಾಯಿ ತೆರೆದ ಸೂರ್ಯಪ್ರಕಾಶನಿಗೆ, ಓಡಿಸಿದವನು ಯಾರು ಎಂಬ ಪ್ರಶ್ನೆ ಅಡ್ಡ ಬಂದು ನಿಂತಿತು.

ಮಾರನೆಯ ದಿನ ಧಾರೆ ಮುಗಿದು, ಊಟವಾಗಿ, ಹೊರಡುವ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿತ್ತು. ತಾಂಬೂಲ ಹಂಚಿ ಮುಗಿದಿತ್ತು. ಮೆಟಡೋರಿನೊಳಗೆ ಒಂದು ಮೂಟೆಯೂ ಇರಲಿಲ್ಲ. ಹನುಮಕ್ಕನೊಬ್ಬಳು ಮುಂದಿನ ಸಾಲಿನಲ್ಲಿ ಕೂತಿದ್ದಳು, ಹಿಂದಿನ ಸೀಟುಗಳೆಲ್ಲ ಖಾಲಿ. ಕರಿಬಸವಯ್ಯ ಎಲೆಯಡಿಕೆ ಮೆಲ್ಲುತ್ತ ಬಂದು ಮತ್ತೆ ಕೊಡೆಯ ತುದಿ ಎತ್ತಿದ. ಹುಚ್ಚಣ್ಣ ಏಣಿಗೆ ಕೈಯಿಟ್ಟು, ಕಾದ ಕಬ್ಬಿಣ ತಾಗಿ ಕೈ ಹಿಂದಕ್ಕೆಳೆದುಕೊಂಡ. ಹೆಗಲ ಬಟ್ಟೆಯನ್ನು ಅಂಗೈಗೆ ಸುತ್ತಿ ಮತ್ತೆ ಹಿಡಿದ.

ಸೂರ್ಯಪ್ರಕಾಶ ಸೀಟಿನ ಕೆಳಗಿನಿಂದ ಸ್ಪ್ಯಾನರ್ ತೆಗೆದ. ಹುಚ್ಚಣ್ಣನನ್ನು ಪಕ್ಕಕ್ಕೆ ಸರಿಸಿ ತಾನೇ ಏಣಿ ಹತ್ತಿ ಮೊದಲ ಕೊಕ್ಕೆಯ ನಟ್ಟಿಗೆ ಸ್ಪ್ಯಾನರ್ ಕೊಟ್ಟ. ಅದು ಕಿರ್ರೆಂದು ತಿರುಗಿತು.

"ಏನ್ಲಾ ಅದು?" ಎಂದ ಕರಿಬಸವಯ್ಯ.

"ಕ್ಯಾರಿಯರ್ ಬಿಚ್ತಾ ಇವ್ನಿ ಕಣಣ್ಣ. ಈ ಗಾಡಿಗೆ ಮ್ಯಾಲೆ ಅನ್ನೋ ಜಾಗ ಇನ್ನಿಲ್ಲ. ಕೂರೋರೆಲ್ಲ ಒಳ್ಗೇ ಕೂತ್ಕಬೇಕು."

ಛತ್ರದ ಬಾಗಿಲಲ್ಲಿ ಜನ ಸೇರಿತು. ಕರಿಬಸವಯ್ಯನ ಮುಖ ಕಪ್ಪಿಟ್ಟಿತು. ತನ್ನ ಜಾತಿಯವನೇ ಬೀಗರೆದುರಿಗೆ ಮಾನ ತೆಗೆಯುತ್ತಾನಲ್ಲ ಎಂದು ಕೂಗಾಡಿದ. ನಮ್ಮೂರಲ್ಲಿ ಇನ್ನು ನಿನ್ನ ಗಾಡಿ ಯಾರು ಕರೆಯುತ್ತಾರೋ ನೋಡುತ್ತೇನೆ ಎಂದ. ಸೂರ್ಯಪ್ರಕಾಶ ತಿರುಗಿ ನೋಡಲಿಲ್ಲ. ಆದರೆ ಕೆಳಗಿನಿಂದ ಬಂದ ಹುಚ್ಚಣ್ಣನ ದನಿಗೆ ಅವನ ಕೈ ನಿಂತಿತು.

"ಬ್ಯಾಡಿ ಸೂರ್ಯಪ್ಪ. ನೀವು ಬೈಸ್ಕೊಂಡು ಮನೆಗೋಯ್ತೀರಿ. ನಾಳೀಕೆ ಊರಾಗೆ ಇವರ ಮುಂದೆ ಓಡಾಡೋರು ನಾವು."

ಸೂರ್ಯಪ್ರಕಾಶನಿಗೆ ಇದು ಹೊಳೆದೇ ಇರಲಿಲ್ಲ. ಸಿಟ್ಟು ತನ್ನದು, ಅದರ ಪೆಟ್ಟು ಬೀಳುವುದು ಇವನಿಗೆ. ಏಣಿಯ ಮೇಲಿಂದ ಕೆಳಗೆ ಬಗ್ಗಿ ನೋಡಿದ.

"ಕೊಕ್ಕೆ ಬಗ್ಸಿದೋನು ನೀನು, ಹುಚ್ಚಣ್ಣ. ಬ್ಯಾಡ ಅಂದ್ರೆ ಮತ್ತೆ ಬಿಗೀತೀನಿ. ನೀನೇ ಹೇಳು."

ಹುಚ್ಚಣ್ಣ ಕರಿಬಸವಯ್ಯನನ್ನು ನೋಡಲಿಲ್ಲ, ಸೇರಿದ್ದ ಜನರನ್ನೂ ನೋಡಲಿಲ್ಲ. ಹೊಲಿಗೆ ಹಾಕಿದ ಕಿವಿಯನ್ನೊಮ್ಮೆ ಮುಟ್ಟಿಕೊಂಡ. ಆಮೇಲೆ ಹೆಗಲಿನ ತಮಟೆ ಇಳಿಸಿ ನೆಲಕ್ಕಿಟ್ಟು, ವ್ಯಾನಿನ ಆ ಬದಿಗೆ ಹೋಗಿ ನಿಂತು, "ಇನ್ನೊಂದ್ ಸ್ಪ್ಯಾನರ್ ಕೊಡಿ" ಎಂದ.

ಇಬ್ಬರೂ ಎರಡೂ ಬದಿಯಿಂದ ಬಿಚ್ಚುತ್ತ ಬಂದರು. ಕ್ಯಾರಿಯರನ್ನು ಇಳಿಸಿ ಛತ್ರದ ಕಾಂಪೌಂಡಿಗೆ ಒರಗಿಸಿದರು. ಅಷ್ಟರಲ್ಲಿ ಕರಿಬಸವಯ್ಯ ಹನುಮಕ್ಕನನ್ನು ಕೈಹಿಡಿದು ಇಳಿಸಿ ಬಸ್ಸಿಗೆ ಕರೆದೊಯ್ದಿದ್ದ.

ಅವನು ಆಡಿದಂತೆಯೇ ಮಾಡಿದ. ಆ ವರ್ಷ ಶೆಟ್ಟಿಕೆರೆಯ ಮದುವೆಗಳಿಗೆ ಚಿಕ್ಕನಾಯಕನಹಳ್ಳಿಯಿಂದ ವ್ಯಾನು ಬಂತು, ತಮಟೆಯೂ ಬೇರೆ ಕಡೆಯಿಂದ ಬಂತು. ಹುಚ್ಚಣ್ಣನವರು ತೋಟಗಳಲ್ಲಿ ಕಾಯಿ ಸುಲಿಯಲು ಹೋದರು. ಸೂರ್ಯಪ್ರಕಾಶ ತುರುವೇಕೆರೆ ಕಡೆ ಬಾಡಿಗೆ ಹುಡುಕಿಕೊಂಡ; ಅಲ್ಲಿ ಮದುವೆಗೆ ಕರೆದವರಿಗೆಲ್ಲ ಒಂದೇ ತಮಟೆ ತಂಡದ ಹೆಸರು ಹೇಳುತ್ತಿದ್ದ. ಕೆಲವರು ಕರೆದರು, ಕೆಲವರು ಇಲ್ಲ.

ಕ್ಯಾರಿಯರ್ ಬಿಚ್ಚಿ ಊರಿಗೆ ಹೊರಟ ಆ ಮಧ್ಯಾಹ್ನ ಮಾತ್ರ ಮೆಟಡೋರು ಹಗುರಾಗಿ ಓಡುತ್ತಿತ್ತು. ಒಳಗೆ ಕೂತ ತಮಟೆಯವರಿಗೆ, ಒರಗಿಕೊಂಡು ಕೂರಿ ಎಂದು ಸೂರ್ಯಪ್ರಕಾಶ ಹೇಳಿದ. ಹ್ಞೂಂ ಎಂದರು, ಯಾರೂ ಒರಗಲಿಲ್ಲ. ರಸ್ತೆ ತೆಂಗಿನ ತೋಟಗಳ ನಡುವೆ ನುಣ್ಣಗೆ ಸಾಗಿತ್ತು. ಕನ್ನಡಿಯಲ್ಲಿ ಹುಚ್ಚಣ್ಣ ಕಾಣುತ್ತಿದ್ದ. ಸೀಟಿನ ಅಂಚಿನಲ್ಲಿ ಕೂತು, ತಲೆ ತಗ್ಗಿಸಿ, ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದ.