ಮಳೆಯಿಲ್ಲದೆ ಸೋರಿದ ಸೂರು

ನಮ್ಮದು ಬಟ್ಟೆ ಒಗೆಯುವ ಮನೆ. ದಿನವೂ ಬೆಳಿಗ್ಗೆ ದೊಡ್ಡ ಹಂಡೆಯಲ್ಲಿ ಚಾದರಗಳನ್ನು ಕುದಿಸುತ್ತೇವೆ. ಬೆಚ್ಚಗಿರುತ್ತದೆ ಎಂದು ಮೊಮ್ಮಗಳನ್ನೂ ಅದೇ ಕೋಣೆಯಲ್ಲಿ ಮಲಗಿಸುತ್ತಿದ್ದೆವು.

ಆ ಚಳಿಗಾಲ ತಗಡಿನ ಸೂರು ಸೋರತೊಡಗಿತು. ಹೊರಗೆ ಹನಿ ಮಳೆಯಿಲ್ಲ, ಒಳಗೆ ಟಪ್ ಟಪ್. ಗೋಡೆ ಕಪ್ಪಗೆ ಬೂಷ್ಟು ಹಿಡಿಯಿತು. ಮಗುವಿಗೆ ಕೆಮ್ಮು ಹತ್ತಿತು, ಬಿಡಲೊಲ್ಲದು. ಸೂರು ರಿಪೇರಿಯವನನ್ನು ಮೂರು ಸಲ ಕರೆಸಿದೆ.

"ಅಜ್ಜೀ, ಇನ್ನೊಂದ್ಸಲ ಟಾರು ಬಳಿದ್ರೆ ಇದರ ಮೇಲೆ ಬಸ್ಸು ಓಡಿಸ್ಬೋದು" ಎಂದು ಹೇಳಿ ಹೋದ.

ಕೆಮ್ಮಿನ ವಿಚಾರ ಕೇಳಿ ಆರೋಗ್ಯ ಕೇಂದ್ರದ ನರ್ಸಮ್ಮ ಬಂದಳು. ಮಗುವಿನ ಎದೆ ಪರೀಕ್ಷಿಸಿ, ತಲೆಯೆತ್ತಿ ತಗಡು ನೋಡಿದಳು.

"ಸೂರು ಸೋರ್ತಿಲ್ಲ ಅಜ್ಜಿ. ನಿಮ್ಮ ಹಂಡೆ ಮಳೆ ಸುರಿಸ್ತಿದೆ."

"ಹಂಡೆ ಮಳೆ ಸುರಿಸಿದ್ರೆ ಮೋಡಕ್ಕೇನು ಕೆಲಸ?"

"ಮೋಡದ ಕೆಲಸಾನೂ ಇದೇ. ಬಿಸಿಲಿಗೆ ಕೆರೆ, ಸಮುದ್ರದ ನೀರು ಆವಿಯಾಗಿ ಮೇಲೇರುತ್ತೆ. ತಣ್ಣಗಾದ್ರೆ ಮತ್ತೆ ನೀರಾಗುತ್ತೆ, ನಿಮ್ಮ ಹಂಡೆಯ ಹಬೆ ಈ ತಣ್ಣನೆ ತಗಡಿಗೆ ತಾಗಿ ನೀರಾದ ಹಾಗೆ."

"ಅಲ್ಲಿಗೆ ತಗಡು ಯಾರು ಹೊದಿಸಿದಾರೆ?"

ಸೊಸೆ ಮುಸಿಮುಸಿ ನಕ್ಕಳು. ನರ್ಸಮ್ಮ ಬೇಸರಿಸಲಿಲ್ಲ.

"ಅಲ್ಲಿ ಮೇಲಕ್ಕೆ ಹೋದಷ್ಟೂ ಗಾಳೀನೇ ತಣ್ಣಗೆ. ಆವಿಗೆ ಅಂಟಿಕೊಳ್ಳೋಕೆ ಕಣ್ಣಿಗೆ ಕಾಣದ ಧೂಳಿನ ಕಣ ಸಾಕು. ಅಂಥ ಪುಟಾಣಿ ಹನಿಗಳ ಹಿಂಡೇ ಮೋಡ."

"ಮತ್ತೆ ಎಲ್ಲಾ ಮೋಡ ಯಾಕೆ ಸುರಿಯಲ್ಲ?"

"ಮೇಲೆ ನೋಡ್ತಾ ಇರಿ."

ನೋಡಿದೆ. ಸಾಸಿವೆಯಷ್ಟು ಹನಿಯೊಂದು ತಗಡಿಗೆ ಅಂಟಿತ್ತು. ಪಕ್ಕದ್ದು ಬಂದು ಸೇರಿತು, ಇನ್ನೊಂದೂ ಸೇರಿತು. ಉಬ್ಬಿತು, ನಡುಗಿತು, ನೇರ ನನ್ನ ಹಣೆಗೇ ಬಿತ್ತು.

"ಸಣ್ಣ ಹನಿಗಳನ್ನ ಗಾಳಿ ಹೊತ್ಕೊಂಡಿರುತ್ತೆ. ಕೂಡಿ ಕೂಡಿ ಭಾರ ಆದ್ರೆ ಕೈ ಬಿಡುತ್ತೆ. ಅದೇ ಮಳೆ" ಎಂದಳು. "ಮುಂಚೆನೂ ಹೀಗೇ ತೊಟ್ಟಿಕ್ತಿತ್ತಾ?"

ನೆನೆಸಿಕೊಂಡೆ. ನನ್ನತ್ತೆಯ ಕಾಲದಿಂದಲೂ ಸೂರಿನ ನೆತ್ತಿಯಲ್ಲಿ ಒಂದು ಕಿಂಡಿಯಿತ್ತು. ಹಬೆಯೆಲ್ಲ ಅಲ್ಲಿಂದ ಹೋಗುತ್ತಿತ್ತು. ಆ ಸಲ ಚಳಿ ಶುರುವಾದಾಗ ಮಗುವಿಗೆ ಥಂಡಿ ಗಾಳಿ ಬಡಿದೀತೆಂದು ಅದನ್ನು ಮುಚ್ಚಿಸಿದವಳು ನಾನೇ.

"ಕಿಂಡಿ ತೆಗಿಯೋ" ಎಂದೆ ಮಗನಿಗೆ. ಅವನು ಆಗಲೇ ಏಣಿ ತರಲು ಹೋಗಿದ್ದ.

ಗೋಡೆ ಉಜ್ಜಿದೆವು. ಮಗುವಿನ ಹಾಸಿಗೆ ಪಕ್ಕದ ಒಣ ಕೋಣೆಗೆ ಹೋಯಿತು. ನರ್ಸಮ್ಮ ಕೊಟ್ಟ ಔಷಧಿಯನ್ನೂ ತಪ್ಪಿಸಲಿಲ್ಲ. ತಿಂಗಳು ತುಂಬುವಷ್ಟರಲ್ಲಿ ಕೆಮ್ಮು ನಿಂತಿತು. ಈಗ ನಮ್ಮ ಹಬೆ ಕಿಂಡಿಯಿಂದ ಹೊರಟಿದ್ದು ಕಂಡರೆ, "ಅಜ್ಜಿ, ಮೋಡಕ್ಕೆ ಹೊರಟಿತು" ಎನ್ನುತ್ತಾಳೆ ಮೊಮ್ಮಗಳು.

ನಿಮ್ಮ ಮನೆಯಲ್ಲೂ ನೀರು ಕುದಿಯುವ ಕೋಣೆಯಿದ್ದರೆ, ಒಮ್ಮೆ ತಲೆಯೆತ್ತಿ ನೋಡಿ. ಹನಿ ಕಟ್ಟಿದ್ದರೆ ಹಬೆಗೊಂದು ದಾರಿ ಬಿಡಿ. ಮಗುವಿನ ಕೆಮ್ಮು ಬಿಡದಿದ್ದರೆ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಮಳೆ ಬೀಳಬೇಕಾದದ್ದು ಹೊರಗೆ, ಮಕ್ಕಳು ಮಲಗುವ ಕಡೆಯಲ್ಲ.